ಮಂಜಿ ಬರುವ ಹೊತ್ತು

ಮೊದಲ ಕೆಲವು ತಿಂಗಳು ಮಾಸ್ಟರು ನನಗೆ ಹಡಗನ್ನು ಮುಟ್ಟಲು ಬಿಡಲೇ ಇಲ್ಲ. ಆಕಾಶ ಬರೆ ಎಂದರು, ಬರೆದೆ. ಅದರ ಕೆಳಗೆ ನೀರು ಬರೆ ಎಂದರು, ಬರೆದೆ. ಒಂದು ನಿಮಿಷ ಸುಮ್ಮನೆ ನೋಡಿ, ಟರ್ಪೆಂಟೈನ್ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ಹಾಕಿ, ಇನ್ನೊಮ್ಮೆ ಬರೆ ಎಂದರು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ವಾರವಿಡೀ ಆಫೀಸಿನಲ್ಲಿ ದುಡಿದು, ಸಿಗುವ ಒಂದು ಭಾನುವಾರವನ್ನು ಮದರಾಸಿನ ಅಡ್ಯಾರಿನಲ್ಲಿ ಮಾಸ್ಟರು ಚಿತ್ರ ಕಲಿಸುವ ಮಹಡಿಯ ವರಾಂಡಕ್ಕೆ ತಂದು ಸುರಿಯುತ್ತಿದ್ದೆ. ಪಕ್ಕದಲ್ಲಿ ಕೂತ ಗೃಹಿಣಿಯರು ಎರಡೇ ವಾರದಲ್ಲಿ ಗಾಜಿನ ಮೇಲೆ ಕೃಷ್ಣನನ್ನು ಬರೆದು ಮನೆಗೆ ಒಯ್ಯುತ್ತಿದ್ದರು. ನನ್ನ ಹಲಗೆಯ ಮೇಲೆ ಮಾತ್ರ ಕೆಸರು ನೀರು.

‘ಮೊದಲ್ಲ ಪಾರುಮ್ಮಾ, ಅಪ್ಪುರಂ ವರೈ’ ಎನ್ನುತ್ತಿದ್ದರು ಮಾಸ್ಟರು. ಮೊದಲು ನೋಡಮ್ಮ, ಆಮೇಲೆ ಬರೆ. ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮನುಷ್ಯ. ಅವರಿಗೆ ಅವಸರ ಎಂಬುದೇ ಇರಲಿಲ್ಲ. ನನಗಿತ್ತು. ನನ್ನ ಅಪ್ಪಯ್ಯನ ಕಣ್ಣು ಹೋಗುತ್ತಿತ್ತು.

ಅಪ್ಪಯ್ಯ ಕುಂದಾಪುರದ ಕಡೆಯವರು. ಮೀಸೆ ಬರುವ ಮೊದಲೇ ಮದರಾಸಿಗೆ ಬಂದು, ನುಂಗಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ದೋಸೆ ಕಾವಲಿಯ ಮುಂದೆ ನಿಂತವರು. ಅಲ್ಲೇ ಅವರ ಆಯಸ್ಸು ಕಳೆಯಿತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಸಪ್ಲೈಯರ್ ಅವರಿಗೆ ಕಾಣದಾಗತೊಡಗಿದ. ಎದುರಿನ ದೋಸೆ ಕಾಣುತ್ತಿತ್ತು, ಪಕ್ಕದ ಮನುಷ್ಯ ಕಾಣುತ್ತಿರಲಿಲ್ಲ. ಮೂರು ಸಲ ಡಿಕ್ಕಿಯಾಗಿ ಸಾಂಬಾರು ಚೆಲ್ಲಿದ ಮೇಲೆ ನಾನು ಬಲವಂತವಾಗಿ ಕೀಲ್ಪಾಕಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗ್ಲಾಕೋಮಾ ಎಂದರು ಡಾಕ್ಟರು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ, ಡ್ರಾಪ್ಸ್ ಹಾಕುತ್ತಾ ಉಳಿದದ್ದನ್ನು ಸ್ವಲ್ಪ ಕಾಲ ಕಾಪಾಡಿಕೊಳ್ಳಬಹುದು ಎಂದರು. ಅಪ್ಪಯ್ಯ ಆ ಡಾಕ್ಟರಿಗೆ ಕೈ ಮುಗಿದು, ನಿಮ್ಮ ಊಟ ಆಯಿತೇ ಎಂದು ಕೇಳಿದರು. ಯಾರನ್ನು ಕಂಡರೂ ಅವರಿಗೆ ಮೊದಲು ಬಾಯಿಗೆ ಬರುವ ಮಾತು ಅದು.

ಆಟೋದಲ್ಲಿ ಮನೆಗೆ ಬರುವಾಗ ನಾನು ತಮಿಳಿನಲ್ಲಿ ಕೇಳಿದೆ, ಏನಾದರೂ ನೋಡಬೇಕು ಅಂತ ಇದೆಯಾ ಅಪ್ಪಾ, ತಿರುಪತಿ, ಕಾಶಿ, ನಿಮ್ಮ ಊರು? ನಾನು ಹುಟ್ಟಿ ಬೆಳೆದದ್ದು ಮದರಾಸಿನಲ್ಲಿ. ಅಪ್ಪಯ್ಯನ ಕನ್ನಡ ಅಷ್ಟೂ ಅರ್ಥವಾಗುತ್ತಿತ್ತು, ಅವರು ತರಿಸುತ್ತಿದ್ದ ವಾರಪತ್ರಿಕೆಗಳಿಂದ ಓದಲೂ ಕಲಿತಿದ್ದೆ. ಆದರೆ ಚಿಕ್ಕವಳಿದ್ದಾಗ ಊರಿನ ಮದುವೆಯೊಂದರಲ್ಲಿ ನನ್ನ ಕನ್ನಡ ಕೇಳಿ ನೆಂಟರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಅವತ್ತೇ ಬಾಯಿಗೆ ಬೀಗ ಹಾಕಿಕೊಂಡೆ. ಅವರು ಕನ್ನಡದಲ್ಲಿ ಕೇಳುವುದು, ನಾನು ತಮಿಳಿನಲ್ಲಿ ಉತ್ತರ ಕೊಡುವುದು, ನಮ್ಮ ಮನೆಯ ರೂಢಿ ಅದು.

ಆಟೋ ಸಿಗ್ನಲ್ಲಿನಲ್ಲಿ ನಿಂತಾಗ, ‘ಹೊತ್ತ್ ಕಂತುವತ್ತಿಗೆ ಮಂಜಿ ಬಪ್ಪುದ್ ಒಂದ್ ಕಾಣ್ಕಿತ್ತ್’ ಎಂದರು ಅಪ್ಪಯ್ಯ. ಸಂಜೆ ಸೂರ್ಯ ಮುಳುಗುವಾಗ ಮಂಜಿ ಬರುವುದನ್ನು ನೋಡಬೇಕಿತ್ತು. ‘ಅದೀಗ ಎಲ್ಲಿತ್ತ್, ಬಿಡ್.’

ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ಹಡಗು. ಒಂದು ಕಾಲದಲ್ಲಿ ಗಂಗೊಳ್ಳಿಯಿಂದ ಹಂಚು ತುಂಬಿಕೊಂಡು ಬೊಂಬಾಯಿಗೆ, ಇನ್ನೂ ಆಚೆಗೆಲ್ಲ ಹೋಗುತ್ತಿತ್ತಂತೆ. ನನ್ನ ಅಜ್ಜ ಅಂಥ ಒಂದು ಮಂಜಿಯಲ್ಲಿ ಅಡುಗೆಯವರಾಗಿದ್ದರು. ಅಪ್ಪಯ್ಯ ಚಿಕ್ಕ ಹುಡುಗನಾಗಿದ್ದಾಗ ಅದು ಹೊರಟದ್ದು ಮತ್ತೆ ಬರಲಿಲ್ಲ. ಮುಳುಗಿತು ಎಂದು ಹೇಳುವುದಕ್ಕೆ ಕಂಡವರಿಲ್ಲ, ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ಅಪ್ಪಯ್ಯ ದಿನಾ ಸಂಜೆ, ಹೊಳೆ ಕಡಲು ಸೇರುವ ಅಳಿವೆಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರಂತೆ. ಬೇರೆಯವರ ಅಪ್ಪಂದಿರ ಮಂಜಿಗಳು ಗಾಳಿ ತುಂಬಿಕೊಂಡು ಬರುವಾಗಲೆಲ್ಲ, ಹಾಯಿಯ ತೇಪೆ ನೋಡಿ ನಮ್ಮದಲ್ಲ ಎಂದುಕೊಂಡು ಮನೆಗೆ ಬರುವುದು. ಕೊನೆಗೆ ಅವರ ಅಬ್ಬಿ, ಅಂದರೆ ನನ್ನ ಅಜ್ಜಿಯೇ, ಈ ಹುಡುಗ ಇಲ್ಲಿದ್ದರೆ ಹುಚ್ಚಾಗುತ್ತಾನೆ ಎಂದು ಮದರಾಸಿಗೆ ಹೊರಟಿದ್ದ ಹೋಟೆಲಿನವರ ಜೊತೆ ಕಳಿಸಿಬಿಟ್ಟರು.

ನಮ್ಮಲ್ಲಿ ಹೀಗೆ ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾಯುತ್ತಾರೆ. ಆಮೇಲೆ ದರ್ಭೆಯಲ್ಲಿ ಮನುಷ್ಯಾಕೃತಿ ಕಟ್ಟಿ, ಅದಕ್ಕೆ ಬೆಂಕಿ ಕೊಟ್ಟು ಕರ್ಮ ಮುಗಿಸುತ್ತಾರೆ. ಅಪ್ಪಯ್ಯ ಹೋಟೆಲಿನಿಂದ ರಜೆ ಪಡೆದು ಊರಿಗೆ ಹೋಗಿ ಅದನ್ನು ಮಾಡಿ ಬಂದರು. ಅದರ ಬಗ್ಗೆ ಅವರು ನನಗೆ ಹೇಳಿದ್ದು ಒಂದೇ ಮಾತು: ‘ಎಷ್ಟ್ ಬೇಗ ಉರ್ದ್ ಹೋಯ್ತ್ ಗೊತ್ತಿತ್ತಾ ಮಗಾ.’

ನಾನು ಹಠಕ್ಕೆ ಬಿದ್ದೆ. ಹಾಯಿ ಹಡಗುಗಳೆಲ್ಲ ಮಾಯವಾಗಿ, ಇದ್ದವಕ್ಕೂ ಇಂಜಿನ್ ಕೂತು ಎಷ್ಟೋ ಕಾಲವಾಗಿತ್ತು. ತೋರಿಸುವುದಾದರೆ ಚಿತ್ರದಲ್ಲೇ ತೋರಿಸಬೇಕು. ಸಿನಿಮಾ ಬ್ಯಾನರ್ ಬರೆಯುವವರಿಗೆ ಹೇಳಿದರೆ ಎರಡು ದಿನದಲ್ಲಿ ಬರೆದು ಕೊಡುತ್ತಾರೆ ಎಂದೆ. ‘ಬ್ಯಾಡ ಮಾರಾಯ್ತಿ, ಅವ್ರ್ ಹಡಗಿನ್ ಮೇಲೆ ಮೀಸೆ ಹೀರೋನ ನಿಲ್ಸತ್ರ್’ ಎಂದು ಅಪ್ಪಯ್ಯ ನಕ್ಕರು. ಆಮೇಲೆ ಮೆಲ್ಲಗೆ, ನೀನು ಶಾಲೆಯಲ್ಲಿ ಚಿತ್ರ ಬರೆಯುತ್ತಿದ್ದೆಯಲ್ಲ ಎಂದರು. ಹೀಗೆ ನಾನು ಅಡ್ಯಾರಿನ ಆ ವರಾಂಡಕ್ಕೆ ಬಂದು ಬಿದ್ದೆ.

ಸಮುದ್ರ ಬರೆಯುವುದು ಸುಲಭ ಎಂದುಕೊಂಡಿದ್ದವಳು ನಾನು. ನೀಲಿ ಹಚ್ಚಿದರಾಯಿತು, ಮೇಲೆ ಬಿಳಿ ಎಳೆದರಾಯಿತು. ಮಾಸ್ಟರು ನನ್ನ ನೀಲಿ ಟ್ಯೂಬನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಹೋಗಿ ಬೀಚಿನಲ್ಲಿ ಕೂತು ನೋಡು, ಎಲ್ಲಿ ನೀಲಿ ಇದೆ ಹೇಳು ಎಂದರು. ಕ್ಲಾಸಿಗೆ ಮೊದಲು, ಬೆಳಗಿನ ಮೊದಲ ಬಸ್ಸಿಗೆ ಬಂದು ಬೆಸಂಟ್ ನಗರದ ಮರಳಿನಲ್ಲಿ ಕೂತು ನೋಡುವುದನ್ನು ಕಲಿತೆ. ನೀರಿನಲ್ಲಿ ನೀಲಿ ಇರಲಿಲ್ಲ. ದಡದ ಹತ್ತಿರ ಚಹಾದ ಬಣ್ಣ, ಆಚೆ ಬೂದಿ, ಅಲೆ ಎದ್ದು ತೆಳ್ಳಗಾಗುವ ಕಡೆ ಮಾತ್ರ ಸೂರ್ಯ ತೂರಿ ಬಂದು ಒಂದು ಗಳಿಗೆ ಹಸಿರು. ನೊರೆಯೂ ಬಿಳಿಯಲ್ಲ, ಅದರ ಹೊಟ್ಟೆಯೆಲ್ಲ ನೆರಳು. ನಿಜವಾದ ಬಿಳಿಯನ್ನು ಕೊನೆಗೆ, ಬೆಳಕು ಬಿದ್ದಲ್ಲಿ ಮಾತ್ರ, ಚಾಕುವಿನಿಂದ ದಪ್ಪಗೆ ಮೆತ್ತಬೇಕು. ನೆರಳನ್ನು ತೆಳ್ಳಗೆ ತೀಡಬೇಕು. ದಿಗಂತದ ಗೆರೆಯನ್ನು ಸ್ಕೇಲಿಟ್ಟು ಎಳೆದ ದಿನ ಮಾಸ್ಟರಿಂದ ಸರಿಯಾಗಿ ಬೈಸಿಕೊಂಡೆ. ಹಡಗು ನೀರಿನ ಮೇಲೆ ಕೂತಿರುವುದಿಲ್ಲ, ನೀರಿನೊಳಗೆ ಇಳಿದಿರುತ್ತದೆ, ಅದರ ಬುಡ ಎಂದೂ ಪೂರ್ತಿ ಕಾಣಬಾರದು ಎಂಬುದನ್ನು ಅವರು ಬಕೆಟ್ ನೀರಿನಲ್ಲಿ ತೆಂಗಿನ ಚಿಪ್ಪು ಬಿಟ್ಟು ತೋರಿಸಿದರು.

ಆಗಿನ್ನೂ ಅಲ್ಲಿ ಮೀನುಗಾರರ ಒಂದೆರಡು ಕಟ್ಟುಮರಗಳಿಗೆ ಪುಟ್ಟ ಹಾಯಿ ಇರುತ್ತಿತ್ತು. ಊರ ಕಡೆಯಿಂದ ಬೀಸುವ ಬೆಳಗಿನ ಗಾಳಿ ಹಿಡಿದು, ಆಗ ತಾನೆ ಕಡಲಿನಿಂದ ಎದ್ದ ಸೂರ್ಯನ ಕಡೆಗೆ ಅವು ಹೋಗುವುದನ್ನು ನೋಡುತ್ತಾ ಹಾಯಿಗೆ ಬೆಳಕು ಹೇಗೆ ತಗಲುತ್ತದೆ ಎಂದು ಕಲಿತೆ. ನನಗೆ ತಿಳಿದ ಸಮುದ್ರ ಅದೊಂದೇ.

ಮಂಜಿಯ ಆಕಾರ ಮಾತ್ರ ಅಪ್ಪಯ್ಯನೇ ಹೇಳಬೇಕಿತ್ತು. ಮಾಸ್ಟರ ಹತ್ತಿರ ಇದ್ದದ್ದು ಕ್ಯಾಲೆಂಡರಿನಿಂದ ಕತ್ತರಿಸಿದ ವಿಲಾಯಿತಿ ಹಡಗುಗಳು, ಮೂರು ಮೂರು ಕಂಬ, ಒಗೆದು ಒಣಹಾಕಿದಷ್ಟು ಹಾಯಿ. ಅಪ್ಪಯ್ಯ ಅವನ್ನು ಭೂತಗನ್ನಡಿಯಲ್ಲಿ ನೋಡಿ, ಇದ್ಯಾವ ದೊರೆಯ ಮದುವೆ ದಿಬ್ಬಣ ಎಂದರು. ನಮ್ಮ ಮಂಜಿಗೆ ಕಂಬ ಮುಂದಕ್ಕೆ ಬಾಗಿರುತ್ತಿತ್ತು, ಅದಕ್ಕೆ ಓರೆಯಾಗಿ ಕಟ್ಟಿದ ಉದ್ದದ ಒಂದು ಮರ, ಆ ಮರಕ್ಕೆ ಒಂದೇ ದೊಡ್ಡ ಹಾಯಿ. ಬಾಯಲ್ಲಿ ಹೇಳಿ ಆಗದೆ, ಒಂದು ರಜೆಯ ದಿನ ಕಸಬರಿಕೆಯ ಕೋಲಿಗೆ ತಮ್ಮ ಹೆಗಲ ಮೇಲಿನ ಬೈರಾಸು ಕಟ್ಟಿ ಹಿಡಿದು ನಿಂತರು. ಟೇಬಲ್ ಫ್ಯಾನು ನನ್ನ ಬದಿಯಲ್ಲಿತ್ತು. ಮೇ ತಿಂಗಳ ಸೆಕೆ, ಅದನ್ನು ಬಿಟ್ಟು ಕೂರುವ ಮಾತೇ ಇಲ್ಲ. ಬೈರಾಸು ಗಾಳಿ ತುಂಬಿಕೊಂಡು ಉಬ್ಬಿತು. ‘ಕಾಣ್ ಕಾಣ್, ಹೀಂಗೇ ಬಪ್ಪುದ್!’ ಎಂದು ಕೂಗಿದರು. ನಾನು ಅಷ್ಟು ಸಂತೋಷದಲ್ಲಿ ಅವರನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ತೋಳು ಸೋಲುವವರೆಗೂ ಹಿಡಿದು ನಿಂತರು, ಇಪ್ಪತ್ತು ಸ್ಕೆಚ್ಚು ಮಾಡಿಕೊಂಡೆ.

ಒಂದು ವರ್ಷ ಹಾಳೆಯ ಮೇಲೆ ತಿದ್ದಿ, ಮರುವರ್ಷ ಕ್ಯಾನ್‌ವಾಸಿಗೆ ಇಳಿದೆ. ಆಕಾಶ, ಆಮೇಲೆ ನೀರು, ಆಮೇಲೆ ನೀರೊಳಗೆ ಇಳಿದ ಹಡಗಿನ ಒಡಲು. ಹಗ್ಗಗಳನ್ನು ಉಸಿರು ಬಿಗಿಹಿಡಿದು ಕೂದಲಿನಂಥ ಬ್ರಷ್‌ನಲ್ಲಿ ಎಳೆದೆ. ಕೊನೆಗೆ ಹಾಯಿಯ ಬೆಳಕಿನ ಅಂಚಿಗೆ ಚಾಕುವಿನಿಂದ ದಪ್ಪ ಬಿಳಿ ಮೆತ್ತಿದೆ, ಸ್ವಲ್ಪ ಹಳದಿ ಬೆರೆಸಿ. ಮಾಸ್ಟರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಒಳಗೆ ಹೋಗಿ ತಮ್ಮ ಹೆಂಡತಿಯನ್ನು ಕರೆತಂದು ತೋರಿಸಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸಿನಲ್ಲಿ ತಂದರೆ ಬಣ್ಣ ಅಳಿಸಬಹುದೆಂದು ಆಟೋ ಮಾಡಿ, ಇಡೀ ದಾರಿ ಮಡಿಲಲ್ಲಿ ಕೂಸನ್ನು ಹಿಡಿದಂತೆ ಹಿಡಿದು ತಂದೆ.

ಅಪ್ಪಯ್ಯನಿಗೆ ಆಗ ಉಳಿದಿದ್ದದ್ದು ಒಂದು ಲೋಟದ ಬಾಯಿಯಷ್ಟು ನೋಟ. ಚಿತ್ರವನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಹುಡುಕಿ ನೋಡಬೇಕಿತ್ತು. ಮೊದಲು ನೀರು ಸಿಕ್ಕಿತು, ಆಹಾ ಎಂದರು. ಸೂರ್ಯ ಸಿಕ್ಕಿದ, ನೀರಿನ ಮೇಲೆ ಅವನು ಹಾಸಿದ ದಾರಿ ಸಿಕ್ಕಿತು, ನನ್ನ ತಲೆ ಸವರಿದರು. ಆ ದಾರಿ ಹಿಡಿದು ಹಡಗಿಗೆ ಬಂದರು. ಹಾಯಿಯ ಮೇಲೆ ಕಣ್ಣು ನಿಲ್ಲಿಸಿ ತುಂಬ ಹೊತ್ತು ಕೂತರು. ನಾನು ಕಾದೆ.

‘ಚಂದ ಇತ್ತ್ ಮಗಾ’ ಎಂದರು. ಆಮೇಲೆ, ಕೇಳಬಾರದ್ದನ್ನು ಕೇಳುವವರ ಹಾಗೆ, ‘ಇದ್ ಹೋಪುದಲ್ದಾ?’ ಎಂದರು. ಇದು ಹೋಗುತ್ತಿರುವುದಲ್ಲವೇ?

ನಾನು ಚಿತ್ರ ನೋಡಿದೆ. ನನ್ನ ಮಂಜಿಯ ಹಾಯಿ ಸೂರ್ಯನ ಕಡೆಗೆ ಉಬ್ಬಿತ್ತು. ದಡದಲ್ಲಿ ನಿಂತವರಿಗೆ ಬೆನ್ನು ಹಾಕಿ, ಬೆಸಂಟ್ ನಗರದ ಕಟ್ಟುಮರಗಳ ಹಾಗೆ, ಬೆಳಗಿನ ಗಾಳಿಗೆ ಕಡಲಿಗೆ ಹೊರಟಿತ್ತು. ಅಪ್ಪಯ್ಯನ ಊರಿನಲ್ಲಿ ಸೂರ್ಯ ಕಡಲಿನ ಮೇಲೆ ಇರುವುದು ಸಂಜೆಗೆ. ಸಂಜೆಯ ಗಾಳಿ ಕಡಲಿನಿಂದ ಊರಿಗೆ ಬೀಸುತ್ತದೆ, ಹಾಯಿ ದಡದ ಕಡೆಗೆ ಉಬ್ಬುತ್ತದೆ, ಮಂಜಿಗಳು ಮನೆಗೆ ಬರುತ್ತವೆ. ಕಸಬರಿಕೆಯ ಕೋಲು ಹಿಡಿದು ನಿಂತ ದಿನವೂ ಹಾಗೇ ಆಗಿತ್ತು. ಫ್ಯಾನಿನ ಗಾಳಿ ನನ್ನಿಂದ ಅವರ ಕಡೆಗೆ ಹೋಗುತ್ತಿತ್ತು. ಬೈರಾಸಿನ ಉಬ್ಬು ಅವರ ಮುಖಕ್ಕಿತ್ತು, ಟೊಳ್ಳು ನನಗೆ. ಅವರಿಗೆ ಬರುತ್ತಿದ್ದ ಹಡಗು ನನಗೆ ಹೋಗುತ್ತಿತ್ತು, ನಾನು ನನಗೆ ಕಂಡದ್ದನ್ನು ಬರೆದಿದ್ದೆ.

‘ಇರ್ಲಿ ಬಿಡ್, ಎಷ್ಟ್ ಚಂದ ಬರ್ದಿದ್ದಿ’ ಎಂದು ಅಪ್ಪಯ್ಯ ಸಮಾಧಾನ ಮಾಡಲು ಬಂದರು. ‘ಚುಮ್ಮಾ ಇರುಂಗಪ್ಪಾ’, ಸುಮ್ಮನಿರಿ ಎಂದು ಸಿಡುಕಿದೆ. ಅವರ ಮೇಲಲ್ಲ, ನನಗೆ ಅಳು ಬಂದಿತ್ತು. ಎಷ್ಟೋ ಸಂಜೆ ಅಳಿವೆಬಾಗಿಲಲ್ಲಿ ನಿಂತ ಹುಡುಗನಿಗೆ, ಮತ್ತೊಮ್ಮೆ ಅವನ ಅಪ್ಪನನ್ನು ಕಳಿಸಿಕೊಟ್ಟ ಹಾಗಾಗಿತ್ತು.

ಹೊಸ ಚಿತ್ರಕ್ಕೆ ಸಮಯವಿರಲಿಲ್ಲ. ಡಾಕ್ಟರು ಡ್ರಾಪ್ಸ್ ಬದಲಿಸಿದ್ದರು, ಅದೂ ಹಿಡಿಯುತ್ತಿರಲಿಲ್ಲ. ಇದನ್ನೇ ತಿದ್ದುವುದು ಎಂದಾಯಿತು. ಮಾಸ್ಟರು ನನ್ನ ಮಾತು ಕೇಳಿ ತಲೆಯ ಮೇಲೆ ಕೈ ಹೊತ್ತರು. ನಾನು ಹುಟ್ಟಿದಾಗಿನಿಂದ ಸೂರ್ಯ ಮುಳುಗುವ ಸಮುದ್ರ ನೋಡಿಲ್ಲಮ್ಮ ಎಂದರು. ಒಣಗಿದ ದಪ್ಪ ಬಣ್ಣವನ್ನು ಚಾಕುವಿನಿಂದ ಹೆರೆದು ತೆಗೆಯಲು ನೋಡಿದೆವು. ಒಂದಷ್ಟು ಬಂತು, ಉಳಿದದ್ದನ್ನು ಕಿತ್ತರೆ ಬಟ್ಟೆಯೇ ಹರಿಯುವಂತಿತ್ತು. ಮೇಲೆ ಬಣ್ಣ ಬಂದರೆ ಕಣ್ಣಿಗೆ ಕಾಣಿಸದು, ಬಿಡು ಎಂದರು ಮಾಸ್ಟರು.

ಈ ಸಲ ಅಪ್ಪಯ್ಯ ಬೈರಾಸು ಹಿಡಿದಾಗ ನಾನು ಅವರ ಪಕ್ಕದಲ್ಲೇ ಹೋಗಿ ಕೂತೆ. ಗಾಳಿಯ ಜೊತೆಗೆ ಬಟ್ಟೆಯೂ ಮುಖಕ್ಕೆ ಬಂತು. ಬರುವ ಹಾಯಿಗೆ ಸೂರ್ಯ ಹಿಂದೆ, ನಮ್ಮ ಕಡೆಯ ಉಬ್ಬೆಲ್ಲ ನೆರಳು. ನೆರಳಿಗೆ ತೆಳು ಬಣ್ಣವೇ ಬೇಕು. ಮೇಲಾಗಿ ತಮಿಳರ ಐಪ್ಪಸಿ ತಿಂಗಳ ಮಳೆ ಶುರುವಾಗಿತ್ತು, ಗೋಡೆಗಳೆಲ್ಲ ಬೆವರುತ್ತಿದ್ದವು. ದಪ್ಪಗೆ ಮೆತ್ತಿದರೆ ತಿಂಗಳಾದರೂ ಒಣಗುವ ಹಾಗಿರಲಿಲ್ಲ. ತೆಳ್ಳಗೆ, ಪದರದ ಮೇಲೆ ಪದರ ಹಚ್ಚುತ್ತಾ ಹೋದೆ. ಹಡಗಿನ ಮೂತಿಯನ್ನು ದಡಕ್ಕೆ ತಿರುಗಿಸಿದೆ. ಆಫೀಸಿಗೆ ಹೋಗುವ ಮೊದಲು ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ. ಅಪ್ಪಯ್ಯ ಮಂಚದ ಮೇಲೆ ಕೂತು ಟರ್ಪೆಂಟೈನ್ ವಾಸನೆಗೆ ಸೀನುತ್ತಾ, ಎಲ್ಲಿಗೆ ಬಂತು ಮಂಜಿ ಎಂದು ಕೇಳುತ್ತಿದ್ದರು. ‘ವಂದುಕ್ಕಿಟ್ಟೇ ಇರುಕ್ಕುಪ್ಪಾ’ ಎನ್ನುತ್ತಿದ್ದೆ. ಬರುತ್ತಲೇ ಇದೆ.

ಮುಗಿದು ಬಣ್ಣ ಒಣಗಿದ ದಿನ ಮಳೆ ಬಿಟ್ಟು ಒಳ್ಳೆಯ ಬೆಳಕಿತ್ತು. ಚಿತ್ರವನ್ನು ಕುರ್ಚಿಯ ಮೇಲೆ, ಕಿಟಕಿಗೆ ಎದುರಾಗಿ ಇಟ್ಟೆ. ನೋಡಿ ಎಂದೆ.

‘ಹಾಂ, ಈಗ ಬಂತ್ ಕಾಣ್!’ ಎಂದರು ಅಪ್ಪಯ್ಯ. ‘ಗಾಳಿ ಎಷ್ಟ್ ಲಾಯ್ಕ್ ಹಿಡ್ದಿತ್ತ್! ನೀರೆಲ್ಲ ಹೊಳಿತಿತ್ತ್.’

ಅವರ ಮುಖ ಕುರ್ಚಿಯ ಪಕ್ಕದ ಬೀರುವಿನ ಕಡೆಗಿತ್ತು.

ಎಂದಿನಿಂದ ಹೀಗೆ ಎಂದು ಕೇಳಲಿಲ್ಲ. ಕೆಲವು ವಾರಗಳಿಂದ ಅವರು ಭೂತಗನ್ನಡಿ ಕೇಳಿರಲಿಲ್ಲ, ಪತ್ರಿಕೆ ಬಿಡಿಸಿರಲಿಲ್ಲ, ಕಾಫಿಯ ಲೋಟವನ್ನು ನಾನು ಕೈಗೇ ಕೊಡಲಿ ಎಂದು ಕಾಯುತ್ತಿದ್ದರು. ನಾನು ನೆಟ್ಟ ಕಣ್ಣಿನಲ್ಲಿ ಹಾಯಿ ನೋಡುತ್ತಾ ಕೂತಿದ್ದೆ. ಅವರು ಮಾತ್ರ, ನಾನು ಕೈ ಚೆಲ್ಲಿ ಕೂರಬಾರದೆಂದು ದಿನಾ ಮಂಜಿ ಎಲ್ಲಿಗೆ ಬಂತೆಂದು ಕೇಳುತ್ತಿದ್ದರು.

ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡೆ. ತಪ್ಪು ಕಡೆ ನೋಡಿದ್ದು ಅವರಿಗೆ ಅರ್ಥವಾಯಿತು, ಮುಖ ಸಣ್ಣದಾಯಿತು. ಕುರ್ಚಿಯ ಮುಂದೆ ಕೂರಿಸಿ ಅವರ ತೋರುಬೆರಳನ್ನು ಕ್ಯಾನ್‌ವಾಸಿನ ಮೇಲಿಟ್ಟೆ. ಇದು ಆಕಾಶ, ಇದು ನೀರು ಎಂದು ತೋರಿಸುತ್ತಾ, ಹೊಸ ಹಾಯಿಯ ಮೇಲೆ ತಂದು ಬಿಟ್ಟೆ. ಕಾವಲಿಯ ಮುಂದೆ ಸುಟ್ಟು ಸುಟ್ಟು ದಪ್ಪಗಾದ ಬೆರಳು. ಅದು ಆ ನುಣುಪಿನ ಮೇಲೆ ಅತ್ತಿತ್ತ ಹುಡುಕಾಡಿತು. ‘ಇಲ್ಲ್ ಎಂತದೂ ಇಲ್ಲೆ ಅಲ್ದಾ?’ ಎಂದರು. ಇಲ್ಲಿ ಏನೂ ಇಲ್ಲವಲ್ಲ?

ಬೆರಳು ಹಾಗೇ ಪಕ್ಕಕ್ಕೆ ಜಾರಿತು. ಅಲ್ಲಿ ನಾನು ಹೆರೆದು ಮುಗಿಯದ ಹಳೆಯ ಹಾಯಿಯ ಅಂಚು ಬಣ್ಣದ ಕೆಳಗೆ ಏಣಾಗಿ ಉಳಿದಿತ್ತು. ಬೆರಳು ನಿಂತಿತು. ಮೇಲಿನಿಂದ ಕೆಳಗಿನವರೆಗೆ ಅದರ ಉಬ್ಬನ್ನು ಸವರಿಕೊಂಡು ಹೋಯಿತು, ಮತ್ತೆ ಮೇಲೆ ಬಂತು. ಅದಲ್ಲ ಅಪ್ಪಾ, ಅದು ಹಳೆಯದು, ಅಳಿಸಿದ್ದು ಎನ್ನಬೇಕೆಂದು ಬಾಯಿ ತೆರೆದೆ.

‘ಇದ್ ಇತ್ತ್’ ಎಂದರು ಅಪ್ಪಯ್ಯ. ಇದು ಇದೆ. ‘ನಾ ಕಂಡದ್ದ್ ಇದನ್ನೇ ಮಗಾ. ಅಬ್ಬಿ ನನ್ನ್ ಎತ್ಕಂಡ್ ನಿಂತಿದ್ಲ್. ಹೀಂಗೇ ಬೆನ್ನ್ ಮಾಡಿ ಹೋಯ್ತ್. ನಮ್ಮದ್ ಬಪ್ಪುದ್ ನಾ ಯಾವತ್ತ್ ಕಂಡಿದ್ದೆ?’

ನನಗೆ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟೆ. ಅಪ್ಪಯ್ಯ ಇನ್ನೊಂದು ಕೈಯಿಂದ ನನ್ನ ಭುಜವನ್ನು ಹುಡುಕಿ ಹಿಡಿದುಕೊಂಡರು, ಈ ಕೈಯನ್ನು ಹಾಯಿಯ ಮೇಲಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಏನೋ ನೆನಪಾದಂತೆ ಬೆರಳನ್ನು ಸರಕ್ಕನೆ ಎತ್ತಿಕೊಂಡು, ಮುಟ್ಟಿದರೆ ಬಣ್ಣ ಹಾಳಾಗುತ್ತದೆಯೇ ಎಂದು ಕೇಳಿದರು.

‘ಇಲ್ಲೆ ಅಪ್ಪಯ್ಯ’ ಎಂದೆ. ಎಷ್ಟೋ ವರ್ಷದ ಮೇಲೆ ನನ್ನ ಬಾಯಿಂದ ಅವರ ಕನ್ನಡ ಬಂದಿತ್ತು. ‘ಒಣಗಿತ್ತ್. ಎಷ್ಟ್ ಬೇಕಾರೂ ಮುಟ್ಟಿ.’